ಹಗೇವು ಯಾರದು, ಬಿಡುವು ಯಾರದು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೇ ವಾಡೆಗಳ ಅಂಗಳದಲ್ಲಿ ಒಮ್ಮೊಮ್ಮೆ ಒಂದು ತಗ್ಗು ಕಾಣುತ್ತದೆ. ಅದು ಹಗೇವು ಮುಚ್ಚಿದ ಜಾಗ. ಜೋಳ ಕೂಡಿಡುವ ಈ ನೆಲದ ಕಣಜವನ್ನು ಹಿರಿಯರ ಜಾಣತನ ಎಂದು ಶಾಲೆಯಲ್ಲಿ ಕೇಳಿದ್ದೇವೆ. ಜಾಣತನ ಹೌದು. ಆದರೆ ಅಗೆದವರು ಯಾರು, ಉಂಡವರು ಯಾರು ಎಂದು ಪಾಠ ಹೇಳಲಿಲ್ಲ. ಅದನ್ನು ನಾವೇ ಕೇಳಬೇಕಾಗಿದೆ.

ಹಗೇವಿಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ತಳಕ್ಕೂ ಗೋಡೆಗೂ ಸೊಪ್ಪೆ, ಹೊಟ್ಟು ಒತ್ತಿ, ಹಿಂಗಾರಿಯ ಬಿಳಿಜೋಳ ಸುರಿದು, ಮೇಲೆ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಇರುತ್ತದೆ. ಒಳಗೆ ಗಾಳಿ ಕೆಡುತ್ತದೆ. ಅದಕ್ಕೇ ಬಾಯಿ ತೆಗೆದು ಬಿಟ್ಟು, ಮೊದಲು ದೀಪ ಇಳಿಸಿ ನೋಡುವುದು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ದೀಪದ ಹಿಂದೆ ಹಗ್ಗ ಹಿಡಿದು ಇಳಿದವನು ಗೌಡನ ಮಗನಲ್ಲ, ನಮ್ಮವನು. ಮೇಲೆ ಬಂದ ಒಳ್ಳೇ ಕಾಳು ವಾಡೆಗೆ. ಗೋಡೆಗೆ ಹತ್ತಿ ಕಪ್ಪಾದ, ಮುಗ್ಗು ವಾಸನೆಯ ಜ್ವಾಳ ಕೇರಿಗೆ. ನಮ್ಮ ಮುದುಕಿಯರು ಇವತ್ತಿಗೂ ಆ ವಾಸನಿ ಮರೆತಿಲ್ಲ.

ಆಷಾಢದ ಮಳೆ ಹಿಡಿದರೆ ಯರಿಹೊಲದಾಗ ಕಾಲಿಡಲಿಕ್ಕೆ ಬರೋದಿಲ್ಲ. ವಾಡೆಯಲ್ಲಿ ಆಗ ಬಿಡುವು. ಬೇಸಿಗೆಯಲ್ಲಿ ಬಡಿದಿಟ್ಟ ಕಟಕರೊಟ್ಟಿ, ಶೇಂಗಾದ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು, ಒಣಗಿಸಿದ ಚವಳಿಕಾಯಿ, ಸಂಡಿಗೆ ಒಂದೊಂದಾಗಿ ಕೆಳಗಿಳಿಯುತ್ತವೆ. ಇದ್ದುದನ್ನು ಉಣ್ಣುತ್ತ ಮನೆಯಲ್ಲಿ ಕೂರುವುದು, ಪುರಾಣ ಹಚ್ಚುವುದು. ಅದೇ ಮಳೆ ಕೇರಿಯಲ್ಲೂ ಬೀಳುತ್ತದೆ. ಅಲ್ಲಿ ಅದರ ಹೆಸರು ಬಿಡುವು ಅಲ್ಲ, ಕೂಲಿ ಇಲ್ಲದ ದಿನ. ಮಳಿ ಒಂದ, ಹೆಸರು ಎರಡು. ಈ ಎರಡು ಹೆಸರುಗಳ ನಡುವೆ ಇರುವುದು ಒಂದು ಚೀಲ ಜೋಳ ಮಾತ್ರ.

ಹಾಗಾದರೆ ಕೇರಿ ಏನನ್ನೂ ಕೂಡಿಡಲಿಲ್ಲವೇ? ಕೂಡಿಟ್ಟಿತು. ಸತ್ತ ದನ ಹೊತ್ತು, ಕೊಯ್ದು, ಖಂಡವನ್ನು ಹಗ್ಗಕ್ಕೆ ಹಾಕಿ ಬಿಸಿಲಿಗೆ ಒಣಗಿಸಿತು. ಅದೇ ನಮ್ಮ ಹಗೇವು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡುವುದು ಬಿಡಿ ಎಂದರು. ಆ ಮಾತು ಗಡಿ ದಾಟಿ ನಮ್ಮ ಕಡೆಗೂ ಬಂತು. ಎಷ್ಟೋ ಕೇರಿಗಳು ಬಿಟ್ಟವು. ಬಿಟ್ಟದ್ದು ಮಾನಕ್ಕಾಗಿ. ಆದರೆ ಖಾಲಿಯಾದ ಹಗ್ಗದ ಜಾಗಕ್ಕೆ ಕಾಳು ಬರಲಿಲ್ಲ, ಯಾಕೆಂದರೆ ಹೊಲ ಬರಲಿಲ್ಲ.

ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಹಾಕಬಾರದು ಎನ್ನುವ ಕಟ್ಟು ನಮ್ಮ ಸೀಮೆಯಲ್ಲಿದೆ. ಎತ್ತಿಗೆ ರಜೆ ಸಿಕ್ಕಿತು, ನಮಗೆ ಸಂತೋಷ. ಆದರೆ ಆ ದಿನ ಎತ್ತಿನ ಮೈ ತಿಕ್ಕಿ, ಮೇವು ಹಾಕಿ, ಸಗಣಿ ಬಾಚಿದ ಜೀತದಾಳಿಗೆ ಯಾವ ವಾರ ರಜೆ? ವಾರದಲ್ಲಿ ಅವನ ದೇವರ ದಿನ ಒಂದೂ ಇರಲಿಲ್ಲ.

ಬರ ಬಂದಾಗ ಈ ಲೆಕ್ಕ ಬಯಲಾಗುತ್ತದೆ. 1876–78ರ ಮಹಾಕ್ಷಾಮದಲ್ಲಿ ಜನ ಸಾಯುತ್ತಿದ್ದಾಗಲೂ ಹಿಂದೂಸ್ತಾನದಿಂದ ಧಾನ್ಯ ಹಡಗು ಏರಿ ಹೊರದೇಶಕ್ಕೆ ಹೋಯಿತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಕಾಳಿನಷ್ಟು ಕೂಲಿ ಸಾಕು ಎಂದ. ಅರ್ಧ ಕಿಲೋಕ್ಕೂ ಕಡಿಮೆ. ನಮ್ಮ ಗಡಿಯಾಚೆಯ ಮುಂಬಯಿ ದಖ್ಖನಿನಲ್ಲಿ ಸಾವಿರಾರು ಹಸಿದ ಕೂಲಿಗಳು ಗುದ್ದಲಿ ಕೆಳಗಿಟ್ಟು ನಡೆದರು. ಹಸಿದವನೂ ಮುಷ್ಕರ ಹೂಡಬಲ್ಲ ಎಂಬುದಕ್ಕೆ ಅದು ಸಾಕ್ಷಿ.

ಕಾಗದಗಳೂ ಬಂದವು. ಸಾಲಕ್ಕೆ ಸಿಕ್ಕ ಜೀತವನ್ನು ಭಗೇಲಾ ಎನ್ನುತ್ತಿದ್ದ ನಿಜಾಮ ಸರ್ಕಾರ 1936ರಲ್ಲಿ ಅದರ ಮೇಲೆ ಕಟ್ಟಳೆ ತಂದಿತು. ಜೀತ ರದ್ದು ಕಾಯ್ದೆ 1976ರಲ್ಲಿ ಬಂತು. ನಡುವಿನ 40 ವರ್ಷ ಯಾರ ಬೆನ್ನ ಮೇಲೆ ಹೋದವು? ಫುಲೆಯವರ ಸತ್ಯಶೋಧಕ ದಾರಿಯ ನಾರಾಯಣ ಮೇಘಾಜಿ ಲೋಖಂಡೆ ಹೋರಾಡಿ, 1890ರಲ್ಲಿ ಮುಂಬಯಿ ಗಿರಣಿ ಕಾರ್ಮಿಕರಿಗೆ ವಾರದ ರಜೆ ಕೊಡಿಸಿದರು. ಹೊಲದ ಕೂಲಿಗೆ ಅಂಥ ರಜೆ ಯಾರೂ ಬರೆದುಕೊಡಲಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನ ಎಂದಿತು. ಉಳಿದ 265 ದಿನ ಬಿಡುವೋ, ಉಪವಾಸವೋ? ಅದಕ್ಕೇ ನಮ್ಮವರು ಗಂಟು ಕಟ್ಟಿ ಪುಣೆ, ಮುಂಬಯಿ ಬಂಡಿ ಹತ್ತುತ್ತಾರೆ. ಗಂಟಿನಾಗ ನಾಕು ಕಟಕರೊಟ್ಟಿ. ವಾಡೆಯವರು ಮನೆಯಲ್ಲಿ ಕೂರಲೆಂದು ಕಟ್ಟಿಟ್ಟ ರೊಟ್ಟಿ, ನಮ್ಮಲ್ಲಿ ಮನೆ ಬಿಡಲೆಂದು ಕಟ್ಟುವ ರೊಟ್ಟಿ.

ಈಗ ಯರಿಹೊಲದಲ್ಲಿ ತೊಗರಿ ಹಬ್ಬಿದೆ, ಕಾಳು ನೆಟ್ಟಗೆ ಅಡತಿಗೆ ಹೋಗುತ್ತದೆ. ಹಗೇವು ಮುಚ್ಚಿದವು. ಮುಚ್ಚಿದ್ದಕ್ಕೆ ನಾವು ಅಳುವುದಿಲ್ಲ. ಆದರೆ ಹಗೇವು ಕೊಟ್ಟ ಬಿಡುವು ಎಲ್ಲಿ ಹೋಯಿತು ಎಂದು ಕೇಳುತ್ತೇವೆ. ಬಿಡುವು ಸೋಮಾರಿತನವಲ್ಲ, ಉಳ್ಳವರ ಸೊಗಸೂ ಅಲ್ಲ. ಮುಂದಿನ ಊಟದ ಭಯವಿಲ್ಲದೆ ಮಳೆ ನೋಡುವ ಹಕ್ಕು ಅದು. ಭೂಮಿ ಕೇಳುವಾಗ, ಕೂಲಿ ಕೇಳುವಾಗ, ಅದನ್ನೂ ಸೇರಿಸಿ ಕೇಳೋಣ. ನಮ್ಮವ್ವ ಒಂದು ಆಷಾಢ ಮನಿಯಾಗ ಕೂತು ರೊಟ್ಟಿ ಮುರಿಯಬೇಕು. ಹೆದರದೆ ಮುರಿಯಬೇಕು.