ಎವರೆಸ್ಟ್ ಶಿಖರ: ಅಳತೆ ಮತ್ತು ನಾಮಕರಣದ ಇತಿಹಾಸ

ಎವರೆಸ್ಟ್ ನೇಪಾಳ ಮತ್ತು ಟಿಬೆಟಿನ ಗಡಿಯಲ್ಲಿರುವ, ಸಮುದ್ರಮಟ್ಟದಿಂದ ಅಳೆದಾಗ ಜಗತ್ತಿನಲ್ಲೇ ಅತಿ ಎತ್ತರದ ಶಿಖರ. 2020ರ ಡಿಸೆಂಬರ್ 8ರಂದು ನೇಪಾಳ ಮತ್ತು ಚೀನಾ ಜಂಟಿಯಾಗಿ ಪ್ರಕಟಿಸಿದ ಎತ್ತರ 8,848.86 ಮೀಟರ್. ಈ ಶಿಖರದ ಅಳತೆಯೂ ಹೆಸರೂ ಒಂದೇ ಸರ್ವೆ ಇಲಾಖೆಯಿಂದ ಹೊರಟವು. ಆದರೆ ಅಳತೆಯನ್ನು ಮುಂದಿನ ತಲೆಮಾರುಗಳು ಮತ್ತೆ ಮತ್ತೆ ಪರೀಕ್ಷಿಸಿ ತಿದ್ದಿದವು. ಹೆಸರು ಮಾತ್ರ ಹೊರಜಗತ್ತಿನ ನಕ್ಷೆಗಳಲ್ಲಿ ಇಟ್ಟಂತೆಯೇ ಉಳಿಯಿತು. ಅಳತೆಗೆ ಸಂದ ಪರಿಶೀಲನೆ ಹೆಸರಿಗೂ ಸಲ್ಲಬೇಕು ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

19ನೇ ಶತಮಾನದ ಆರಂಭದಲ್ಲಿ ಯೂರೋಪಿನ ವಿದ್ವಾಂಸರು ದಕ್ಷಿಣ ಅಮೆರಿಕದ ಚಿಂಬೊರಾಜೊವನ್ನೇ ಅತ್ಯುನ್ನತ ಪರ್ವತವೆಂದು ಭಾವಿಸಿದ್ದರು. ಆ ನಂಬಿಕೆಯನ್ನು ಅಲುಗಿಸಿದ ಹಿಮಾಲಯದ ಅಳತೆಗಳಲ್ಲಿ ಎವರೆಸ್ಟ್‌ನದು ದಕ್ಷಿಣ ಭಾರತದ ಬಯಲಿನಿಂದ ಹೊರಟ ಕೆಲಸ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ಆರಂಭಿಸಿದರು. ಒಂದು ರೇಖೆಯ ಉದ್ದ ಖಚಿತವಾದರೆ, ಅದರ ಎರಡು ತುದಿಗಳಿಂದ ದೂರದ ಗುರುತಿನ ಕೋನ ಅಳೆದು ಉಳಿದ ದೂರಗಳನ್ನು ಲೆಕ್ಕದಿಂದ ಪಡೆಯಬಹುದು. ಹೀಗೆ ಹೆಣೆದ ತ್ರಿಕೋನಗಳ ಸರಪಳಿ ಹಿಮಾಲಯದ ತಪ್ಪಲು ಮುಟ್ಟಿತು. ನೇಪಾಳದೊಳಗೆ ಪ್ರವೇಶವಿಲ್ಲದ ಕಾರಣ 1849–50ರಲ್ಲಿ ಬಯಲಿನ ಆರು ಠಾಣೆಗಳಿಂದ, ಸುಮಾರು 170ರಿಂದ 190 ಕಿ.ಮೀ. ದೂರದಿಂದ, ಆಗ ‘15ನೇ ಶಿಖರ’ ಎಂದು ಗುರುತಿಸಲಾಗಿದ್ದ ಎವರೆಸ್ಟ್‌ನತ್ತ ಕೋನ ಅಳೆಯುವ ಥಿಯೋಡೊಲೈಟ್ ಹಿಡಿಯಬೇಕಾಯಿತು. ಅಷ್ಟು ದೂರದ ಬೆಳಕು ಗಾಳಿಯ ಪದರಗಳಲ್ಲಿ ಬಾಗುವುದರಿಂದ ಶಿಖರ ಇದ್ದುದಕ್ಕಿಂತ ಮೇಲೆ ಕಾಣುತ್ತದೆ. ಭೂಮಿಯ ದುಂಡುತನ ಅದನ್ನು ತಗ್ಗಿಸುತ್ತದೆ. ಮಟ್ಟ ನೋಡುವ ತೂಗುಗುಂಡನ್ನೂ ಪರ್ವತರಾಶಿ ತನ್ನತ್ತ ಸೆಳೆಯುತ್ತದೆ. ಮುಖ್ಯ ಗಣಕ ರಾಧಾನಾಥ್ ಸಿಕ್ದರ್ ಪ್ರಮುಖ ಪಾತ್ರ ವಹಿಸಿದ ಈ ಲೆಕ್ಕಾಚಾರದ ಫಲವಾಗಿ 1856ರಲ್ಲಿ 29,002 ಅಡಿ ಎಂಬ ಎತ್ತರ ಪ್ರಕಟವಾಯಿತು.

ಅಂಕೆ ಆಮೇಲೆ ಬದಲಾಗುತ್ತಲೇ ಬಂದಿದೆಯಲ್ಲ, ಅದನ್ನು ನಂಬುವುದು ಹೇಗೆ ಎಂಬ ಆಕ್ಷೇಪವಿದೆ. 29,002 ಅಡಿಯೆಂದರೆ ಸುಮಾರು 8,840 ಮೀಟರ್. ಇಂದಿನ ಅಂಕೆಗೂ ಅದಕ್ಕೂ ಇರುವ ಅಂತರ ಕೇವಲ 9 ಮೀಟರ್. ಭಾರತೀಯ ಸರ್ವೇಕ್ಷಣಾ ಇಲಾಖೆ 1955ರಲ್ಲಿ ನೀಡಿದ 8,848 ಮೀಟರಿನ ಅಂಕೆ ಇನ್ನೂ ಹತ್ತಿರದ್ದು. 2005ರಲ್ಲಿ ಚೀನಾ ಹೇಳಿದ 8,844.43 ಮೀಟರ್ ಹಿಮ ಬಿಟ್ಟು ಬಂಡೆಯ ತುದಿಗೆ ಸಂಬಂಧಿಸಿದ್ದು, ಅಂದರೆ ಅಲ್ಲಿ ಕೇಳಿದ ಪ್ರಶ್ನೆಯೇ ಬೇರೆ. ಸಮುದ್ರಮಟ್ಟವನ್ನೇ ಏಕೆ ಆಧಾರವಾಗಿಟ್ಟುಕೊಳ್ಳಬೇಕು ಎಂಬುದು ಇನ್ನೊಂದು ಆಕ್ಷೇಪ. ಸಾಗರತಳದಿಂದ ಅಳೆದರೆ ಹವಾಯಿಯ ಮೌನಾ ಕೆಯಾ 9,000 ಮೀಟರಿಗೂ ಮಿಗಿಲು. ಭೂಕೇಂದ್ರದಿಂದ ಅಳೆದರೆ ಚಿಂಬೊರಾಜೊ ತುದಿಯೇ ಸುಮಾರು 2 ಕಿ.ಮೀ. ಮುಂದೆ. ಆದರೆ ಪರ್ವತದ ಬುಡ ಎಲ್ಲಿ ಎಂಬುದು ನಿಖರವಾಗಿ ಹೇಳಲಾಗದ ಸಂಗತಿ; ಭೂಕೇಂದ್ರದ ದೂರವೋ ಸಮಭಾಜಕದ ಬಳಿ ಭೂಮಿ ಉಬ್ಬಿರುವುದರ ಫಲವೇ ಹೊರತು ಪರ್ವತದ ಗುಣವಲ್ಲ. ಎಲ್ಲ ಶಿಖರಗಳನ್ನೂ ಒಂದೇ ನೆಲೆಯಿಂದ ಹೋಲಿಸಲು ಸಮುದ್ರಮಟ್ಟದಷ್ಟು ಅನುಕೂಲದ ಆಧಾರ ಮತ್ತೊಂದಿಲ್ಲ.

ಹೆಸರಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಲಿಲ್ಲ. ಸರ್ವೇಯರ್ ಜನರಲ್ ಆಂಡ್ರ್ಯೂ ವಾ ತಮ್ಮ ಹಿಂದಿನ ಅಧಿಕಾರಿ ಜಾರ್ಜ್ ಎವರೆಸ್ಟ್ ಅವರ ಹೆಸರನ್ನು ಸೂಚಿಸಿದರು. ಸ್ಥಳೀಯ ಹೆಸರು ಗೊತ್ತಾಗಿಲ್ಲವೆಂಬುದು ಅವರು ಕೊಟ್ಟ ಕಾರಣ. ಈ ಹೆಸರು ಭಾರತೀಯರ ನಾಲಿಗೆಗೆ ಒಗ್ಗದು ಎಂದು ಸ್ವತಃ ಎವರೆಸ್ಟ್ ಅವರೇ ಆಕ್ಷೇಪಿಸಿದರೂ 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ ಅದನ್ನು ಅಂಗೀಕರಿಸಿತು. ವಾ ಕೊಟ್ಟ ಕಾರಣವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ: ನೇಪಾಳ ಮುಚ್ಚಿತ್ತು, ಕೇಳಿಬಂದ ಹೆಸರುಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಸೂಚಿತವಾದ ಗೌರೀಶಂಕರ ಬೇರೆಯೇ ಶಿಖರವೆಂದು 1903ರಲ್ಲಿ ಖಚಿತವಾಯಿತು. ಆದರೆ ಟಿಬೆಟನ್ನರ ಚೊಮೊಲುಂಗ್ಮಾ ಎಂಬ ಹೆಸರು 1730ರ ದಶಕದಲ್ಲೇ ಪ್ಯಾರಿಸ್ಸಿನಲ್ಲಿ ಮುದ್ರಣವಾದ ನಕ್ಷೆಯಲ್ಲಿತ್ತು. ನೇಪಾಳದಲ್ಲಿ ಇತಿಹಾಸಕಾರ ಬಾಬುರಾಮ್ ಆಚಾರ್ಯರು ಪ್ರಚುರಪಡಿಸಿದ ಸಗರಮಾಥಾ 20ನೇ ಶತಮಾನದಲ್ಲಿ ಅಧಿಕೃತವಾಯಿತು. ಎರಡು ಹೆಸರುಗಳಿರುವಾಗ ಯಾವುದನ್ನು ಆರಿಸುವುದು ಎಂಬ ತೊಡಕು ನಿಜ. ಆದರೆ ಅದು ಎರಡನ್ನೂ ಬಿಡಲು ಕಾರಣವಾಗದು. ಎತ್ತರದ ಬಗ್ಗೆ ಭಿನ್ನಾಭಿಪ್ರಾಯವಿದ್ದ ಎರಡು ದೇಶಗಳು ಒಂದು ಅಂಕೆಗೆ ಒಪ್ಪಿರುವಾಗ, ಪ್ರಪಂಚದ ನಕ್ಷೆಗಳು ಆ ನೆಲದವರ ಎರಡೂ ಹೆಸರುಗಳನ್ನು ಮೊದಲು ಮುದ್ರಿಸಿ, ಎವರೆಸ್ಟ್ ಎಂಬುದನ್ನು ಅವುಗಳ ಜೊತೆಗಿಡುವುದು ನ್ಯಾಯವಾದ ತಿದ್ದುಪಡಿ.