ಕಂಪ್ಯೂಟರಿಲ್ಲದ ಕಾರಿನಲ್ಲಿ ಪೆಟ್ರೋಲ್ ಆವಿಯ ತಡೆ: ತರೀಕೆರೆ–ಕೆಮ್ಮಣ್ಣುಗುಂಡಿ ದಾರಿಯನ್ನು ಮುಂದಿಟ್ಟು ಒಂದು ಪರಿಶೀಲನೆ

ಹಳೆಯ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಕಾರಿಗೆ ಕಾರ್ಬುರೇಟರ್ ಕೂರಿಸುವಾಗ, ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಕ್ಯಾನಿಸ್ಟರನ್ನು ಕಿತ್ತು, ಟ್ಯಾಂಕಿನ ಆವಿಯ ಪೈಪನ್ನು ಬಯಲಿಗೆ ಬಿಡುವವರಿದ್ದಾರೆ. ಎಂಜಿನ್ನಿನ ಕಂಪ್ಯೂಟರಾದ ಇಸಿಯು ಹೋದ ಮೇಲೆ, ಕ್ಯಾನಿಸ್ಟರಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವನ್ನು ತೆರೆದು ಮುಚ್ಚುವವರು ಯಾರು ಎಂಬುದು ಅವರ ವಾದ. ಇದು ನಿಲ್ಲುವುದಿಲ್ಲ. ಆವಿ ತಡೆ ಕ್ಯಾಲಿಫೋರ್ನಿಯಾದಲ್ಲಿ 1970ರ, ಅಮೆರಿಕದಾದ್ಯಂತ 1971ರ ಮಾದರಿಗಳಿಗೆ ಕಡ್ಡಾಯವಾದಾಗ ಆ ಕಾರುಗಳಲ್ಲಿ ಕಂಪ್ಯೂಟರೇ ಇರಲಿಲ್ಲ.

ಅಂದಿನ ಉಪಾಯ ಸರಳ. ಕಾರ್ಬುರೇಟರಿನಲ್ಲಿ ಥ್ರಾಟಲ್ ತಟ್ಟೆಗಿಂತ ತುಸು ಮೇಲಿರುವ ರಂಧ್ರಕ್ಕೆ ಪರ್ಜ್ ಪೈಪ್ ಸೇರಿಸುತ್ತಿದ್ದರು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆ ರಂಧ್ರಕ್ಕೆ ಬೆರಳಿಟ್ಟರೆ ಸೆಳೆತವೇ ತಿಳಿಯದು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದೊಡನೆ ಬೆರಳು ಅಂಟಿಕೊಳ್ಳುತ್ತದೆ. ಎಂಜಿನ್ ಬಿಸಿಯಾಗುವವರೆಗೆ ದಾರಿ ಮುಚ್ಚಿಡಲು ಕೂಲೆಂಟಿನಲ್ಲಿ ಮುಳುಗಿದ ಉಷ್ಣ ವಾಲ್ವ್ ಸಾಕು.

ಘಟ್ಟದ ದಾರಿಯಲ್ಲಿ ಈ ಉಪಾಯ ಸಾಲದು ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ತರೀಕೆರೆ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ 1,434 ಮೀಟರ್. ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಮೇಲೇರುವಷ್ಟರಲ್ಲಿ ಗಾಳಿಯ ಒತ್ತಡ ಶೇಕಡಾ 8ರಷ್ಟು ಇಳಿದಿರುತ್ತದೆ. ಅರ್ಧ ತುಂಬಿದ 35 ಲೀಟರಿನ ಟ್ಯಾಂಕಿನಿಂದ ಕನಿಷ್ಠ ಒಂದೂವರೆ ಲೀಟರ್ ಆವಿಗಾಳಿ ಕ್ಯಾನಿಸ್ಟರಿಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಥ್ರಾಟಲ್ ಪೂರಾ ತೆರೆದಿರುವುದರಿಂದ ಸೆಳೆತ ಕುಗ್ಗುತ್ತದೆ. ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ಆಗಲೂ ಸೆಳೆತವಿಲ್ಲ. ಹಾಗಾದರೆ ಕ್ಯಾನಿಸ್ಟರ್ ಖಾಲಿಯಾಗುವುದು ಯಾವಾಗ?

ನನ್ನ ಉತ್ತರ: ಒಂದು ಪಾಲು ಇಳಿಜಾರಿನಲ್ಲೇ. ಕೆಳಗಿಳಿದಂತೆ ಹೊರಗಿನ ಒತ್ತಡ ಏರಿ, ಟ್ಯಾಂಕ್ ಹೊಸಗಾಳಿಯನ್ನು ಕ್ಯಾನಿಸ್ಟರಿನ ಮೂಲಕವೇ ಒಳಗೆಳೆದುಕೊಳ್ಳುತ್ತದೆ. ಆ ಗಾಳಿ ಇದ್ದಿಲು ಹಿಡಿದಿಟ್ಟ ಆವಿಯಲ್ಲಿ ಒಂದಿಷ್ಟನ್ನು ಟ್ಯಾಂಕಿಗೆ ಮರಳಿಸುತ್ತದೆ. ಇದಕ್ಕೆ ಎಂಜಿನ್ನಿನ ಸೆಳೆತವೂ ಬೇಡ, ಇಸಿಯುವೂ ಬೇಡ. ಆದರೆ ಈ ಮಾತಿಗೆ ಮಿತಿಗಳಿವೆ. ಟ್ಯಾಂಕಿನ ಮುಚ್ಚಳದ ವಾಲ್ವ್ ಮೊದಲೇ ತೆರೆದುಕೊಂಡರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಕ್ಯಾನಿಸ್ಟರಿಗೆ ಏನೂ ದಕ್ಕದು. ಬಿಸಿಲಿಗೆ ಟ್ಯಾಂಕ್ ಕಾದಿದ್ದರೆ ಒತ್ತಡದ ಲಾಭವನ್ನು ಶಾಖ ನುಂಗುತ್ತದೆ. ಮರಳುವ ಪ್ರಮಾಣವೂ ಅಲ್ಪ. ಉಳಿದದ್ದನ್ನು ಲಿಂಗದಹಳ್ಳಿಯಿಂದ ತರೀಕೆರೆವರೆಗೆ ಹದವಾಗಿ ಓಡುವ ಎಂಜಿನ್ನೇ ಎಳೆದುಕೊಳ್ಳಬೇಕು. ಇಷ್ಟಾದರೂ ಪೈಪನ್ನು ಬಯಲಿಗೆ ಬಿಡಲು ಘಟ್ಟವನ್ನು ನೆಪ ಮಾಡಲಾಗದು.

ಇಂಥ ಮಾರ್ಪಾಡು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಒಳಪಡುವುದರಿಂದ, ಇಲ್ಲಿನ ವಾದ ತಾಂತ್ರಿಕ ಸಾಧ್ಯತೆಗೆ ಸೀಮಿತ. ಎಂಜಿನ್ ಆರಿಸಿದ ಮೇಲೆ ಕಾರ್ಬುರೇಟರಿನ ಬಟ್ಟಲಿನಿಂದ ಏಳುವ ಆವಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಶೇಕಡಾ 20 ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ಕ್ಯಾನಿಸ್ಟರಿನ ಇದ್ದಿಲು ಎಷ್ಟು ದಿನ ಒಗ್ಗೀತು ಎಂಬುದನ್ನೂ ಅಳೆದು ನೋಡಬೇಕಾಗಿದೆ.