ಬಲಸಾಧನೆ ಮತ್ತು ಸಂಧಿರಕ್ಷಣೆ: ಕೆಲವು ಪ್ರಾಚೀನ ಸಾಕ್ಷ್ಯಗಳು

ಕರ್ನಾಟಕದ ಮಲ್ಲವಿದ್ಯೆಯನ್ನು ಕುರಿತು ಬರೆಯುವವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ಮೊದಲು ಸ್ಮರಿಸುವುದು ವಾಡಿಕೆ. 1129ರ ಸುಮಾರಿನಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಪ್ರಕರಣವು ರಾಜವಿನೋದಗಳ ನಡುವೆ ಬಂದಿರುವುದರಿಂದ, ಅದನ್ನು ಅರಮನೆಯ ಮನೋರಂಜನೆಯೆಂದಷ್ಟೇ ಎಣಿಸಿ ಮುಂದೆ ಸಾಗುವವರೇ ಹೆಚ್ಚು. ಇದು ಉಚಿತವಲ್ಲ. ಅಲ್ಲಿ ನಿರೂಪಿತವಾಗಿರುವುದು ಒಂದು ಸಾಧನಾಕ್ರಮ. ಭಾರವೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜುವ ಸಲಿಲಶ್ರಮ, ತೋಳುಗಳ ಸೆಣಸಾಟ, ಕಂಬದ ಮೇಲಣ ಸ್ತಂಭಶ್ರಮ ಎಂಬ ಐದರಲ್ಲಿ ಭಾರವೆತ್ತುವುದು ಒಂದು ಮಾತ್ರ ಎಂಬುದು ಗಮನಾರ್ಹ.

ಶ್ರಮದ ಮಿತಿ ಎಷ್ಟೆಂಬ ಪ್ರಶ್ನೆಗೆ ವೈದ್ಯಗ್ರಂಥಗಳು ಉತ್ತರ ಹೇಳುತ್ತವೆ. ಸುಶ್ರುತನ ಮತದಲ್ಲಿ ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟೇ ಮಾಡತಕ್ಕದ್ದು. ಉಸಿರು ಬಾಯಿಗೆ ಬಂದಿತೆಂದರೆ ಆ ಅರ್ಧ ಮುಗಿಯಿತು. ವಾಗ್ಭಟನು ಈ ಪ್ರಮಾಣವನ್ನೂ ಬಲಶಾಲಿಗಳಿಗೆ, ಅದರಲ್ಲಿಯೂ ಚಳಿಗಾಲ ಮತ್ತು ವಸಂತಗಳಿಗೆ ಮಾತ್ರ ವಿಧಿಸುತ್ತಾನೆ. ಇಲ್ಲಿ ಅಳತೆಗೋಲು ಎತ್ತುವ ಕಲ್ಲಲ್ಲ, ಎತ್ತುವವನ ದೇಹ.

ಇದಕ್ಕಿಂತಲೂ ಕುತೂಹಲಕರವಾದುದು ಸುಶ್ರುತಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯ. ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ಆ ಗ್ರಂಥವು ವಿಂಗಡಿಸುತ್ತದೆ. ಕಟ್ಟನ್ನು ಚಳಿಗಾಲದಲ್ಲಿ 7 ದಿನಗಳಿಗೆ, ಸಮಶೀತೋಷ್ಣದಲ್ಲಿ 5, ಬೇಸಗೆಯಲ್ಲಿ 3 ದಿನಗಳಿಗೆ ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಊತ, ನೋವು. ಅಂಗೈ ಮುರಿದವನ ವಿಷಯದಲ್ಲಿಯಂತೂ ಗ್ರಂಥಕಾರನ ದೃಷ್ಟಿ ಬೆರಗುಗೊಳಿಸುತ್ತದೆ. ಮೂಳೆ ಕೂಡಿದ ಮೇಲೆ ರೋಗಿಯು ಮೊದಲು ಸಗಣಿಯ ಉಂಡೆಯನ್ನು ಹಿಡಿಯಬೇಕು, ಆಮೇಲೆ ಮಣ್ಣಿನ ಉಂಡೆಯನ್ನು. ಕೈಗೆ ಬಲ ಬಂದ ನಂತರವೇ ಕಲ್ಲನ್ನು. ಮೆದುವಿನಿಂದ ಗಟ್ಟಿಗೆ, ಹಗುರದಿಂದ ಭಾರಕ್ಕೆ! ಮೂಳೆ ಕೂಡುವುದೇ ಬೇರೆ, ಕೈ ಮತ್ತೆ ಕೆಲಸಕ್ಕೆ ಬರುವುದೇ ಬೇರೆ ಎಂಬ ಭೇದವನ್ನು ಆತನು ಅರಿತಿದ್ದನು. ಇಂದಿನ ಭೌತಚಿಕಿತ್ಸಕರು ಹಂತಹಂತವಾಗಿ ಭಾರವನ್ನೇರಿಸುವ ಕ್ರಮವೂ ಇದೇ ಜಾಡಿನದು. ನನ್ನ ತರಗತಿಯಲ್ಲಿ ಕುಸ್ತಿಯಾಡುತ್ತಿದ್ದ ಹುಡುಗನೊಬ್ಬನು ಭುಜದ ನೋವು ಆರುವ ಮೊದಲೇ ಗದೆ ತಿರುವಲು ಹೋಗಿ, ಒಂದು ವರ್ಷ ಕಣಕ್ಕಿಳಿಯದೆ ಕುಳಿತಿದ್ದುದು ಈ ಭಾಗವನ್ನು ಓದುವಾಗಲೆಲ್ಲ ನೆನಪಿಗೆ ಬರುತ್ತದೆ.

ಶಾಸ್ತ್ರದ ವಿಧಿಯನ್ನೇ ಬಳಕೆಯ ಸಾಕ್ಷ್ಯವೆಂದು ಹಿಡಿಯುವುದು ತಪ್ಪಾದೀತು. ಆದರೆ ಬಳಕೆಯ ಕಡೆಯಿಂದಲೂ ಒಂದು ಸಾಕ್ಷ್ಯ ಉಂಟು. ದಸರೆಯ ವಜ್ರಮುಷ್ಟಿ ಕಾಳಗದಿಂದ ಪ್ರಖ್ಯಾತರಾದ ಮೈಸೂರಿನ ಜಟ್ಟಿಗಳು, ತಪ್ಪಿದ ಕೀಲನ್ನು ಕೂರಿಸುವ ಕೈಚಳಕಕ್ಕೂ ಹೆಸರಾಗಿದ್ದವರು. ಎದುರಾಳಿಯ ತೋಳು ಎಲ್ಲಿ ತಿರುಚಿದರೆ ಸೋಲುತ್ತದೆಂದು ಬಲ್ಲವನಿಗೆ, ಅದು ಎಲ್ಲಿ ಕೂಡುತ್ತದೆಂಬುದೂ ತಿಳಿದಿರಬೇಕಷ್ಟೆ. ಗರಡಿಯ ಮಟ್ಟಿಯನ್ನು ಎಣ್ಣೆ, ಮಜ್ಜಿಗೆ, ಅರಿಶಿನಗಳನ್ನು ಬೆರೆಸಿ ಮೆದುಮಾಡುವ ರೂಢಿಯನ್ನೂ ಇದರೊಡನೆಯೇ ಇಟ್ಟು ನೋಡಬೇಕು: ಪೂಜೆಗೆ ಸಲ್ಲುವ ಆ ಕೆಮ್ಮಣ್ಣೇ ಬೀಳುವವನ ಮೊಣಕಾಲನ್ನೂ ಕಾಯುತ್ತದೆ.